ದೇವರು-ದೆವ್ವಗಳ ಕಲ್ಪನೆ ಮನಸ್ಸಿನಲ್ಲಿ ಯಾಕೆ ನಿಲ್ಲುತ್ತದೆ? ಪ್ಯಾಸ್ಕಲ್ ಬೋಯರ್ ವಾದವನ್ನು ಪರೀಕ್ಷಿಸುವ ಬಗೆ

ತುಂಗಾತೀರ:

ಮಾನವಶಾಸ್ತ್ರಜ್ಞ ಪ್ಯಾಸ್ಕಲ್ ಬೋಯರ್ ಹೆಸರು ಬಂದ ಕೂಡಲೇ ಮಾತು "ದೇವರಿದ್ದಾನೋ ಇಲ್ಲವೋ" ಅನ್ನುವ ಕಡೆಗೆ ಜಾರಿಬಿಡುತ್ತದೆ. ಇಲ್ಲಿ ಆ ಚರ್ಚೆ ಬೇಡ. ಅವರು ಕೇಳಿದ ಪ್ರಶ್ನೆ ಬೇರೆ. ಮನುಷ್ಯರು ಊಹಿಸಬಹುದಾದ ವಿಚಿತ್ರಗಳಿಗೆ ಲೆಕ್ಕವೇ ಇಲ್ಲ. ಹಾಗಿದ್ದೂ ದೇವರು, ದೆವ್ವ, ಪಿತೃಗಳ ಕಲ್ಪನೆಗಳು ಲೋಕದ ಎಲ್ಲ ಕಡೆ ಕೆಲವೇ ಅಚ್ಚುಗಳಲ್ಲಿ ಯಾಕೆ ಬರುತ್ತವೆ? ಮನಸ್ಸಿನ ಯಾವ ಗುಣದಿಂದ ಆ ಅಚ್ಚುಗಳು ಉಳಿದುಕೊಳ್ಳುತ್ತವೆ?

ತಿಳಿಯಬೇಕಾದದ್ದು ಎರಡು. ಈ ವಾದವನ್ನು ಪ್ರಯೋಗದಲ್ಲಿ ಪರೀಕ್ಷಿಸಿದ್ದು ಹೇಗೆ? ಅದೇ ಕೆಲಸವನ್ನು ಕನ್ನಡ ಮಾತಾಡುವವರ ನಡುವೆ ಮಾಡಲು ಹೊರಟರೆ ಎಲ್ಲಿ ಕೆಡುತ್ತದೆ? ತತ್ವಕ್ಕಿಂತ ವಿಧಾನದ ವಿವರ ಬರೆದರೆ ಉಪಕಾರ.

ಎರೆಹೊಲ:

ಮೊದಲು ವಾದ ಏನು ಅಂತ ಸರಿಯಾಗಿ ಇಟ್ಕೊಳ್ಳೋಣ್ರಿ. ಇಲ್ಲಾಂದ್ರೆ ಪರೀಕ್ಷೆ ಯಾತರದ್ದು ಅನ್ನೋದೇ ತಿಳಿಯಂಗಿಲ್ಲ.

ಬೋಯರ್ ಕ್ಷೇತ್ರಕಾರ್ಯ ಮಾಡಿದ್ದು ಕ್ಯಾಮರೂನಿನ ಫಾಂಗ್ ಜನರ ನಡುವೆ. ಅಲ್ಲಿ 'ಎವುರ್' ಅನ್ನೋ ಒಂದು ನಂಬಿಕೆ ಇದೆ. ಕೆಲವರ ದೇಹದೊಳಗೆ ಹುಟ್ಟಿನಿಂದ ಒಂದು ಹೆಚ್ಚಿನ ಅಂಗ ಇರುತ್ತೆ, ರಾತ್ರಿ ಅದು ಹೊರಟು ಇನ್ನೊಬ್ಬರಿಗೆ ಕೇಡು ಮಾಡುತ್ತೆ ಅಂತ. ಬೋಯರ್ ಗಮನಿಸಿದ್ದು ಏನಂದ್ರೆ, ಎವುರ್ ಅಂದ್ರೆ ಇಂಥದ್ದು ಅಂತ ಯಾರೂ ಮಕ್ಕಳನ್ನ ಕೂಡಿಸಿಕೊಂಡು ಪಾಠ ಹೇಳೋದಿಲ್ಲ. ಜನ ಕೇಳಿಸಿಕೊಳ್ಳೋದು ಬಿಡಿ ಬಿಡಿ ಪ್ರಸಂಗಗಳನ್ನ. ಇಂಥವನ ತೋಟ ಯಾಕೆ ಒಣಗಿತು, ಇಂಥವಳು ಯಾಕೆ ಕಾಯಿಲೆ ಬಿದ್ದಳು. ಅಷ್ಟು ಹರಕು ಮಾಹಿತಿಯಿಂದ ಎಲ್ಲರ ತಲೆಯೊಳಗೂ ಸುಮಾರು ಒಂದೇ ಥರದ ಕಲ್ಪನೆ ಹೇಗೆ ಮೂಡುತ್ತೆ? ಉಳಿದದ್ದನ್ನ ಮನಸ್ಸು ತಾನೇ ತುಂಬಿಕೊಳ್ಳುತ್ತೆ ಅನ್ನೋದು ಅವರ ಉತ್ತರ.

ತುಂಬೋಕೆ ಬಳಸೋ ಸಾಮಾನು ಎಲ್ಲರಲ್ಲೂ ಇರೋದೇ. ವಸ್ತು ಅಂದ್ರೆ ಗಟ್ಟಿ, ಗೋಡೆ ದಾಟಲ್ಲ. ಜೀವ ಅಂದ್ರೆ ಹುಟ್ಟುತ್ತೆ, ಬೆಳೆಯುತ್ತೆ, ಸಾಯುತ್ತೆ. ಮನುಷ್ಯ ಅಂದ್ರೆ ನೋಡಿದ್ದನ್ನ ತಿಳಿಯುತ್ತಾನೆ, ಬೇಕು ಅನ್ನಿಸಿದ್ದನ್ನ ಮಾಡುತ್ತಾನೆ. ಇಂಥ ಒಂದು ನಿರೀಕ್ಷೆಯನ್ನ ಮಾತ್ರ ಮುರಿದು, ಉಳಿದದ್ದನ್ನೆಲ್ಲ ಹಾಗೇ ಬಿಟ್ಟರೆ ಆ ಕಲ್ಪನೆ ನೆನಪಲ್ಲಿ ಉಳಿಯುತ್ತೆ, ಅದರ ಮೇಲೆ ಮುಂದಿನ ಊಹೆಯನ್ನೂ ಮಾಡಬಹುದು. ದೆವ್ವಕ್ಕೆ ದೇಹ ಇಲ್ಲ. ಆದರೆ ಅದಕ್ಕೆ ಸಿಟ್ಟು ಬರುತ್ತೆ, ಹಳೇದು ನೆನಪಿರುತ್ತೆ, ಆಸೆ ಇರುತ್ತೆ.

ಮನುಷ್ಯ, ಪ್ರಾಣಿ, ಗಿಡ, ಕಲ್ಲು-ಬೆಟ್ಟದಂಥ ನಿಸರ್ಗದ ವಸ್ತು, ಮಾಡಿದ ವಸ್ತು ಅಂತ 5 ವರ್ಗ. ಭೌತಿಕ, ಜೈವಿಕ, ಮಾನಸಿಕ ಅಂತ 3 ಥರದ ಮುರಿತ. ಒಟ್ಟು 15 ಅಚ್ಚು. ಧಾರ್ಮಿಕ ಕಲ್ಪನೆಗಳಲ್ಲಿ ಬಹುಪಾಲು ಈ 15ರೊಳಗೇ ಬೀಳುತ್ತವೆ ಅನ್ನೋದು ವಾದದ ಗಟ್ಟಿ ತುದಿ. ಹೀಗೆ ಸಹಜ ನಿರೀಕ್ಷೆಯನ್ನ ಸ್ವಲ್ಪವೇ ಮುರಿಯೋ ಕಲ್ಪನೆಗೇ 'ಮಿನಿಮಲಿ ಕೌಂಟರ್‌ಇಂಟ್ಯೂಟಿವ್' ಅಂತಾರೆ, ಚಿಕ್ಕದಾಗಿ ಎಂಸಿಐ.

ಗಣಕಿ:

ಪ್ರಯೋಗದ ಭಾಗ ನಾನು ಬರೆಯುತ್ತೇನೆ.

ಇದರಲ್ಲಿ ಮುಖ್ಯವಾದದ್ದು 2001ರಲ್ಲಿ ಬೋಯರ್ ಮತ್ತು ಚಾರ್ಲ್ಸ್ ರ‍್ಯಾಂಬಲ್ ಪ್ರಕಟಿಸಿದ ಕೆಲಸ. ಫ್ರಾನ್ಸ್, ಗಬಾನ್, ನೇಪಾಳ, ಮೂರು ಕಡೆ. ನೇಪಾಳದಲ್ಲಿ ಭಾಗವಹಿಸಿದವರು ಟಿಬೆಟಿಯನ್ ಬೌದ್ಧ ಭಿಕ್ಷುಗಳು. ಕಥೆ ಓದಿಸುವುದು, ಸ್ವಲ್ಪ ಹೊತ್ತು ಬಿಟ್ಟು ನೆನಪಿರುವುದನ್ನೆಲ್ಲ ಹೇಳಿಸುವುದು. ಕಥೆಯೊಳಗೆ ಬೇರೆ ಬೇರೆ ಬಗೆಯ ಅಂಶಗಳನ್ನು ಬೆರೆಸಿಟ್ಟು, ಯಾವ ಬಗೆ ಹೆಚ್ಚು ನೆನಪಿಗೆ ಬಂತು ಎಂದು ಎಣಿಸುವುದು. ವರ್ಗದ ಮಟ್ಟದ ನಿರೀಕ್ಷೆ ಮುರಿದವು ಹೆಚ್ಚು ನೆನಪಿಗೆ ಬಂದವು, ಮೂರು ಕಡೆಯೂ ದಿಕ್ಕು ಸುಮಾರಾಗಿ ಒಂದೇ. ಆದರೆ ಗಬಾನ್ ಮತ್ತು ನೇಪಾಳದ ಫಲಿತಾಂಶ ಪೂರ್ತಿ ಒಂದೇ ಅಲ್ಲ. ಒಂದು ಬಗೆಯ ಮುರಿತ ಸ್ಥಳೀಯವಾಗಿ ಪರಿಚಿತವಾಗಿದ್ದರೆ ಇನ್ನೊಂದು ಬಗೆ ಹೆಚ್ಚು ಎದ್ದು ಕಾಣಬಹುದು ಎಂದು ಅವರೇ ಬರೆದಿದ್ದಾರೆ. ಸಾರಾಂಶ ಹೇಳುವವರು ಈ ಮಾತನ್ನು ಬಿಟ್ಟುಬಿಡುತ್ತಾರೆ, ಅದು ತಪ್ಪು.

ಕನ್ನಡದಲ್ಲಿ ಮಾಡುವುದಾದರೆ ಸಾಮಗ್ರಿ ಹೀಗೆ ಕಟ್ಟಬೇಕು:

ಒಂದೇ ವಸ್ತುವಿಗೆ ಮೂರು ರೂಪ. "ಬಾಗಿಲು ಕಾಯುವ ನಾಯಿ" ಸಾಧಾರಣ. "ಒಂದೇ ಸಲಕ್ಕೆ ಐದು ಕೆಜಿ ಬೆಲ್ಲ ತಿಂದ ನಾಯಿ" ವಿಚಿತ್ರ, ಆದರೆ ನಾಯಿ ಎಂಬ ಪ್ರಾಣಿಯ ಬಗ್ಗೆ ನಮಗಿರುವ ಮೂಲ ನಿರೀಕ್ಷೆ ಮುರಿದಿಲ್ಲ. "ಗೋಡೆಯೊಳಗಿಂದ ಹಾದುಹೋಗುವ ನಾಯಿ" ಎಂಸಿಐ. ಇಂಥ 18 ವಸ್ತು ತೆಗೆದುಕೊಳ್ಳಿ. ಒಂದು ಕಥೆಯಲ್ಲಿ 6 ಸಾಧಾರಣ, 6 ವಿಚಿತ್ರ, 6 ಎಂಸಿಐ. ಕಥೆಯ ಮೂರು ಪ್ರತಿ ಮಾಡಿ, ಪ್ರತಿಯಿಂದ ಪ್ರತಿಗೆ ವಸ್ತುಗಳ ರೂಪ ಸರದಿಯಂತೆ ಬದಲಾಗಬೇಕು. ಹೀಗೆ ಮಾಡದಿದ್ದರೆ ನಾಯಿ ನೆನಪಾದದ್ದು ಗೋಡೆ ದಾಟಿದ್ದಕ್ಕೋ, ನಾಯಿ ಎಂಬುದಕ್ಕೋ ಎಂದು ಬಿಡಿಸಲಾಗುವುದಿಲ್ಲ.

ಮೂರು ರೂಪದಲ್ಲೂ ಪದಗಳ ಸಂಖ್ಯೆ ಹತ್ತಿರ ಹತ್ತಿರ ಇರಲಿ. ಕಥೆಯ ಮೊದಲ ಎರಡು, ಕೊನೆಯ ಎರಡು ವಾಕ್ಯದಲ್ಲಿ ಪರೀಕ್ಷೆಯ ವಸ್ತು ಇಡಬೇಡಿ. ಆರಂಭ ಮತ್ತು ಕೊನೆ ಹೇಗೂ ಹೆಚ್ಚು ನೆನಪಿರುತ್ತವೆ. ಓದಿದ ಮೇಲೆ ಐದು ನಿಮಿಷ ಬೇರೆ ಕೆಲಸ ಕೊಡಿ, ಸಣ್ಣ ಲೆಕ್ಕವೋ ಚಿತ್ರ ಜೋಡಿಸುವುದೋ. ನೆನಪು ಪರೀಕ್ಷಿಸುತ್ತೇವೆ ಎಂದು ಮೊದಲೇ ಹೇಳಬಾರದು. ಉತ್ತರವನ್ನು ಬರೆಸುವುದಕ್ಕಿಂತ ಹೇಳಿಸಿ ಧ್ವನಿಮುದ್ರಣ ಮಾಡುವುದು ಮೇಲು. ಬರೆಯಲು ಕಷ್ಟಪಡುವವರು ಚಿಕ್ಕ ಅಂಶಗಳನ್ನೇ ಆರಿಸಿಕೊಳ್ಳುತ್ತಾರೆ, ಅದು ಫಲಿತಾಂಶವನ್ನು ಬಾಗಿಸುತ್ತದೆ.

ಅಂಕ ಹಾಕುವವರು ಇಬ್ಬರು ಇರಬೇಕು. ಯಾವ ಅಂಶ ಯಾವ ಬಗೆ ಎಂಬುದು ಅವರಿಗೆ ಗೊತ್ತಿರಬಾರದು. ಇಬ್ಬರ ಹೊಂದಾಣಿಕೆಯನ್ನು ಕೊಹೆನ್ ಕಪ್ಪಾ ಎಂಬ ಅಳತೆಯಲ್ಲಿ ನೋಡಿ (1 ಎಂದರೆ ಪೂರ್ತಿ ಹೊಂದಾಣಿಕೆ), 0.8ಕ್ಕಿಂತ ಕೆಳಗೆ ಬಂದರೆ ನಿಯಮಗಳನ್ನೇ ತಿದ್ದಬೇಕು. ಅಂಕಗಳನ್ನು ಮಾತ್ರ ತಿದ್ದಿ ಸರಿಮಾಡಿಕೊಳ್ಳುವುದು ಮೋಸ.

ಹೊಸಚಿಗುರು:

ಗಣಕಿ ಮೇಡಂ, ಐದು ನಿಮಿಷದ ನೆನಪಿನಿಂದ ನೂರಾರು ವರ್ಷ ಉಳಿದ ನಂಬಿಕೆಯ ಬಗ್ಗೆ ಹೇಗೆ ಮಾತಾಡೋದು? ಇನ್ನೊಂದು ಪ್ರಶ್ನೆ: ಗಂಡಭೇರುಂಡ ಎಂಸಿಐ ಆಗುತ್ತಾ?

ಗಣಕಿ:

ಮೊದಲನೆಯದು ಸರಿಯಾದ ಆಕ್ಷೇಪ. ಅದಕ್ಕೇ ತಡವಾದ ಪರೀಕ್ಷೆ ಕಡ್ಡಾಯ. ನೊರೆನ್‌ಜಾಯನ್, ಸ್ಕಾಟ್ ಅಟ್ರಾನ್ ಮತ್ತಿತರರು 2006ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಒಂದು ವಾರ ಬಿಟ್ಟು ಮತ್ತೆ ಕೇಳಿದರು. ಅಲ್ಲಿ ಸಿಕ್ಕ ಸಂಗತಿ ಬಹಳ ಮುಖ್ಯ. ಬಿಡಿ ಅಂಶವಾಗಿ ನೋಡಿದರೆ ಸಾಧಾರಣ ಅಂಶಗಳು ಹಿಂದೆ ಬೀಳಲಿಲ್ಲ. ಪಟ್ಟಿಯನ್ನು ಇಡಿಯಾಗಿ ನೋಡಿದಾಗ ಚಿತ್ರ ಬದಲಾಯಿತು: ಬಹುಪಾಲು ಸಾಧಾರಣ, ನಡುನಡುವೆ ಕೆಲವೇ ಎಂಸಿಐ ಇದ್ದ ಪಟ್ಟಿ ವಾರದ ನಂತರ ಅತಿ ಕಡಿಮೆ ಸವೆಯಿತು. ಅಂದರೆ ಅಳೆಯಬೇಕಾದದ್ದು ಬಿಡಿ ಕಲ್ಪನೆಯನ್ನಲ್ಲ, ಅದು ಕೂತಿರುವ ಕಥೆಯನ್ನು. ಪ್ರಯೋಗ ಮಾಡುವವರು ಒಂದು ಕಥೆಯೊಳಗೆ ಹೆಚ್ಚು ಎಂಸಿಐ ತುರುಕಿದರೆ ಅವುಗಳ ಎದ್ದುಕಾಣುವ ಗುಣವೇ ಹೋಗುತ್ತದೆ. ನಾನು ಮೇಲೆ ಕೊಟ್ಟ 6-6-6 ಬಿಡಿ ಅಂಶ ಹೋಲಿಸಲು ಮಾತ್ರ. ಇಡೀ ಕಥೆಯ ಬಾಳಿಕೆ ಬೇಕಿದ್ದರೆ 18ರಲ್ಲಿ 3ಕ್ಕಿಂತ ಹೆಚ್ಚು ಎಂಸಿಐ ಬೇಡ.

ಗಂಡಭೇರುಂಡಕ್ಕೆ ಬರೋಣ. ಎರಡು ತಲೆಯ ಕರು ಹುಟ್ಟುವುದುಂಟು, ಹಾಗಾಗಿ ಎರಡು ತಲೆ ಎಂಬುದಷ್ಟೇ ಆದರೆ ಅದನ್ನು "ವಿಚಿತ್ರ"ದಲ್ಲಿ ಇಡುತ್ತೇನೆ. ಎರಡು ಆನೆಗಳನ್ನು ಎತ್ತಿಕೊಂಡು ಹಾರುತ್ತದೆ ಎಂದು ಸೇರಿಸಿದರೆ ಭೌತಿಕ ನಿರೀಕ್ಷೆ ಮುರಿಯಿತೇ, ಬರೀ ಶಕ್ತಿ ಹೆಚ್ಚಾಯಿತೇ ಎಂದು ಇಬ್ಬರು ಅಂಕದವರು ಖಂಡಿತ ಜಗಳವಾಡುತ್ತಾರೆ. ಜಸ್ಟಿನ್ ಬ್ಯಾರೆಟ್ 2008ರಲ್ಲಿ ಒಂದು ಕೋಡಿಂಗ್ ಕ್ರಮ (ಮುರಿತಗಳನ್ನು ಗುರುತಿಸಿ ಎಣಿಸುವ ಬಗೆ) ಕೊಟ್ಟದ್ದು ಇಂಥ ಜಗಳಕ್ಕಾಗಿಯೇ. ಮೊದಲು ಅದು ಯಾವ ವರ್ಗ ಎಂದು ಗೊತ್ತುಮಾಡು. ಆಮೇಲೆ ಬೇರೆ ವರ್ಗದ ಗುಣ ವರ್ಗಾವಣೆ ಆಗಿದೆಯೇ ನೋಡು, ಉದಾಹರಣೆಗೆ ಆಡಿದ ಮಾತನ್ನು ನೆನಪಿಟ್ಟುಕೊಳ್ಳುವ ಕಲ್ಲು. ಆಮೇಲೆ ತನ್ನದೇ ವರ್ಗದ ನಿರೀಕ್ಷೆ ಮುರಿದಿದೆಯೇ ನೋಡು. ಕೊನೆಗೆ ಒಟ್ಟು ಎಣಿಸು. ಇಷ್ಟಾದರೂ ಪ್ರಯೋಗಕ್ಕೆ ಪುರಾಣದ, ಲಾಂಛನದ, ಯಕ್ಷಗಾನದ ಪ್ರಾಣಿಗಳು ಬೇಡ. ಮೊದಲೇ ಪರಿಚಿತವಾದದ್ದು ನೆನಪಿಗೆ ಬಂದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ಕಡಲತಡಿ:

ಈ ನೆನಪಿನ ಪರೀಕ್ಷೆಗಳ ಮೇಲೆ ಇಷ್ಟೊಂದು ಭಾರ ಹಾಕುವುದು ನನಗೆ ಒಪ್ಪಿಗೆಯಿಲ್ಲ. ನೆನಪಿರುವುದು ಬೇರೆ, ನಂಬುವುದು ಬೇರೆ. ಮಿಕ್ಕಿ ಮೌಸ್ ಶುದ್ಧ ಎಂಸಿಐ, ಎಲ್ಲ ಮಕ್ಕಳಿಗೂ ನೆನಪಿದೆ, ಯಾರೂ ಅದಕ್ಕೆ ಹರಕೆ ಹೊರುವುದಿಲ್ಲ. ಈ ಆಕ್ಷೇಪವನ್ನು ಅಟ್ರಾನ್ ಮೊದಲಾದವರು ಬಹಳ ಹಿಂದೆಯೇ ಎತ್ತಿದ್ದಾರೆ. ಇದರ ಇನ್ನೊಂದು ಮುಖವನ್ನು ಗರ್ವೇ ಮತ್ತು ಹೆನ್ರಿಕ್ 2010ರಲ್ಲಿ ಮುಂದಿಟ್ಟರು: ಒಂದು ಕಾಲದಲ್ಲಿ ಜನ ನಿಜವಾಗಿ ಪೂಜಿಸಿದ ಗ್ರೀಕ್ ದೇವರು ಸ್ಯೂಸ್‌ನನ್ನು ಇವತ್ತು ಯಾಕೆ ಯಾರೂ ನಂಬುವುದಿಲ್ಲ? ಕಥೆಯೊಳಗೆ ಏನೂ ಬದಲಾಗಿಲ್ಲ. ಸುತ್ತಲಿನವರು ನಂಬಿ ನಡೆದುಕೊಳ್ಳುವುದನ್ನು ಕಣ್ಣಾರೆ ಕಾಣದೆ ನಂಬಿಕೆ ದಾಟಿ ಬರುವುದಿಲ್ಲ ಎನ್ನುವುದು ಅವರ ವಾದ.

ಬೋಯರ್ ಅವರ ಬಲವಾದ ಮಾತು ನನ್ನ ಲೆಕ್ಕದಲ್ಲಿ ಬೇರೆ ಕಡೆ ಇದೆ. ಅದನ್ನು ಇಲ್ಲಿ ಯಾರೂ ಎತ್ತಲಿಲ್ಲ. ಕೆಲವು ಎಂಸಿಐ ಚೇತನಗಳಿಗೆ ಮಾತ್ರ ಪೂಜೆ ಸಲ್ಲುವುದು ಯಾಕೆ? ಅವಕ್ಕೆ ಮನಸ್ಸಿದೆ, ಮತ್ತು ಜನರ ನಡುವಿನ ವ್ಯವಹಾರಕ್ಕೆ ಬೇಕಾದ ಮಾಹಿತಿ ಪೂರ್ತಿ ಗೊತ್ತಿದೆ ಎಂದು ಜನ ಸಹಜವಾಗಿ ಎಣಿಸುತ್ತಾರೆ. ಇದನ್ನು ಅವರು ಆಯಕಟ್ಟಿನ ಮಾಹಿತಿ ಎನ್ನುತ್ತಾರೆ. ಯಾರು ಕದ್ದರು, ಯಾರು ಕೊಟ್ಟ ಮಾತು ತಪ್ಪಿದರು, ಯಾರು ಯಾರೊಡನೆ ಒಳಗೊಳಗೆ ಇದ್ದಾರೆ ಎಂಬಂಥದ್ದು. ನಿಮ್ಮ ಮನೆಯ ಡಬ್ಬದಲ್ಲಿ ಎಷ್ಟು ತೊಗರಿಬೇಳೆ ಇದೆ ಎಂಬುದು ಪಿತೃಗಳಿಗೆ ಗೊತ್ತೋ ಇಲ್ಲವೋ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

"ಮಾತು ಬಿಡ ಮಂಜುನಾಥ, ಕಾಸು ಬಿಡ ತಿಮ್ಮಪ್ಪ" ಎಂಬ ಗಾದೆಯನ್ನು ಈ ಕಣ್ಣಿನಿಂದ ನೋಡಿ. ಆಡಿದ ಮಾತು, ಹೊತ್ತ ಹರಕೆ, ಎರಡೂ ಆಯಕಟ್ಟಿನವು. ತುಳುನಾಡಿನ ದೈವದ ನುಡಿಗೆ ಜಾಗದ ತಗಾದೆ, ಅಣ್ಣತಮ್ಮಂದಿರ ಪಾಲು, ಕಳವು ಬರುತ್ತವೆ. ಪಂಜುರ್ಲಿಯ ರೂಪ ಹಂದಿಯದ್ದು ಎನ್ನುವುದು ನೆನಪಿಗೆ ಸಹಾಯ ಮಾಡೀತು. ಕುಟುಂಬವೊಂದು ಅದರ ಮುಂದೆ ತಲೆಬಾಗಿ ನಿಲ್ಲುವುದು ಆ ರೂಪಕ್ಕಾಗಿ ಅಲ್ಲ, ಅದಕ್ಕೆ ಎಲ್ಲ ತಿಳಿದಿದೆ ಎಂಬುದಕ್ಕಾಗಿ.

ಎರೆಹೊಲ:

ಕಡಲತಡಿಯವರ ಮಾತು ಒಪ್ಪಿದೆ. ಅದಕ್ಕೆ ಒಂದು ಎಚ್ಚರಿಕೆ ಸೇರಿಸಬೇಕು. "ದೇವರಿಗೆ ಏನು ಗೊತ್ತು?" ಅಂತ ನೇರ ಕೇಳಿದ್ರೆ ಬರೋದು ಪ್ರವಚನದ ಉತ್ತರ: ಸರ್ವಜ್ಞ, ಸರ್ವವ್ಯಾಪಿ. ತಲೆಯೊಳಗೆ ಆ ಕ್ಷಣ ಓಡೋ ಯೋಚನೆ ಬೇರೆ ಇರುತ್ತೆ.

ಇದನ್ನ ಚೊಲೋ ತೋರಿಸಿದ್ದು ಬ್ಯಾರೆಟ್ ಮತ್ತು ಫ್ರ್ಯಾಂಕ್ ಕೈಲ್, 1996ರಲ್ಲಿ. ಅಮೆರಿಕದ ವಿದ್ಯಾರ್ಥಿಗಳಿಗೆ ಕಥೆಗಳು. ಒಂದರಲ್ಲಿ ಹುಡುಗನ ಕಾಲು ನದಿಯೊಳಗೆ ಎರಡು ಬಂಡೆ ನಡುವೆ ಸಿಕ್ಕಿದೆ, ಪ್ರಾರ್ಥಿಸುತ್ತಾನೆ. ಆ ಹೊತ್ತಿಗೆ ದೇವರು ಲೋಕದ ಇನ್ನೊಂದು ಭಾಗದಲ್ಲಿ ಮತ್ತೊಂದು ಪ್ರಾರ್ಥನೆಗೆ ಉತ್ತರಿಸ್ತಿದ್ದ, ಸ್ವಲ್ಪ ಹೊತ್ತಲ್ಲಿ ಬಂಡೆ ಸರಿಸಿದ. ಕಥೆಯೊಳಗೆ ದೇವರು ಒಂದನ್ನ ಮುಗಿಸಿ ಇನ್ನೊಂದಕ್ಕೆ ಬಂದ ಅಂತ ಎಲ್ಲೂ ಬರೆದಿಲ್ಲ. ಆದರೆ ನೆನಪಿನಿಂದ ಹೇಳುವಾಗ ಬಹಳ ಜನ ಹಾಗೇ ಹೇಳಿದ್ರು, ಆ ಕೆಲಸ ಮುಗಿಸಿ ಈ ಕಡೆ ಗಮನ ಕೊಟ್ಟ ಅಂತ. ಅದೇ ಜನ ಪ್ರಶ್ನಾವಳಿಯೊಳಗೆ ದೇವರು ಒಂದೇ ಹೊತ್ತಿಗೆ ಎಷ್ಟು ಕೆಲಸ ಬೇಕಾದ್ರೂ ಮಾಡಬಲ್ಲ ಅಂತ ಒಪ್ಪಿಕೊಂಡವರು.

1998ರಲ್ಲಿ ಬ್ಯಾರೆಟ್ ಇದೇ ಥರದ ಕೆಲಸವನ್ನ ಉತ್ತರ ಭಾರತದ ಹಿಂದೂಗಳ ಜೊತೆ ಮಾಡಿದ್ರು, ಶಿವ, ವಿಷ್ಣು, ಕೃಷ್ಣ, ಬ್ರಹ್ಮನ್ ಹೆಸರಿಟ್ಟು. ಅಲ್ಲೂ ಇದೇ ಅಂತರ ಕಂಡಿತು. ಅದಕ್ಕೆ ಪ್ರಶ್ನಾವಳಿ ಒಂದನ್ನೇ ಹಿಡಿದು ಹೊರಟವರಿಗೆ ಸಿಗೋದು ಜನ ಕಲಿತ ಸಿದ್ಧಾಂತ, ಜನ ಬಳಸೋ ಕಲ್ಪನೆ ಅಲ್ಲ. ಎರಡೂ ಬೇಕು, ಎರಡರ ನಡುವಿನ ಅಂತರವೇ ದತ್ತಾಂಶ.

ವಿಧಾನದ ಒಂದು ಕುತ್ತು ಹೇಳ್ತೀನಿ. ಕಥೆಯೇ ದೇವರನ್ನ ಮನುಷ್ಯನ ಹಾಗೆ ಚಿತ್ರಿಸಿದ್ರೆ ಓದುಗರ ತಪ್ಪು ನೆನಪಿಗೆ ಕಥೆಯೇ ಕಾರಣ ಆಗಬಹುದು. ಅದಕ್ಕೇ ಅವರು ದೇವರ ಜಾಗದಾಗ ಎಲ್ಲ ಬಲ್ಲ ಕಾಲ್ಪನಿಕ ಮಹಾಗಣಕ ಇಟ್ಟು ಅದೇ ಕಥೆಯನ್ನ ಬೇರೆ ಗುಂಪಿಗೆ ಕೊಟ್ಟು ನೋಡಿದ್ರು. ಕನ್ನಡದಾಗ ಮಾಡೋರು ಈ ಹೋಲಿಕೆ ಗುಂಪನ್ನ ಖರ್ಚಿಗೆ ಹೆದರಿ ಬಿಡಬಾರದು.

ಸೋಸುಬಟ್ಟೆ:

ಆಯಕಟ್ಟಿನ ಮಾಹಿತಿಯ ವಾದ ಅಳೆಯೋಕೆ ಬೆಂಜಮಿನ್ ಪುರ್ಜಿಕಿ ಬಳಸಿದ ಎರಡು ದಾರಿ ಇವೆ.

ಮೊದಲನೆಯದು ವೇಗ. 2012ರ ಕೆಲಸ. "ಇಂಥವನು ಕದ್ದದ್ದು ದೇವರಿಗೆ ಗೊತ್ತಾ?", "ಇಂಥವನ ತೋಟದಲ್ಲಿ ಏನು ಬೆಳೆದಿದೆ ಅನ್ನೋದು ದೇವರಿಗೆ ಗೊತ್ತಾ?" ಇಂಥ ಪ್ರಶ್ನೆಗಳಿಗೆ ಹೌದು-ಇಲ್ಲ ಒತ್ತಬೇಕು. ಸರ್ವಜ್ಞ ಅಂದ ಮೇಲೆ ಎರಡಕ್ಕೂ ಹೌದೇ. ಆದರೆ ನಡತೆಯ ಪ್ರಶ್ನೆಗಳಿಗೆ ಉತ್ತರ ಬೇಗ ಬಂತು. ಬಾಯಿಪಾಠದ ಉತ್ತರ ಒಂದೇ ಇದ್ದರೂ ಸಮಯ ಬೇರೆ ಮಾತು ಹೇಳುತ್ತೆ. ಇಲ್ಲಿ ಕೆಡೋದು ವಾಕ್ಯದ ಉದ್ದದಲ್ಲಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರೋದರಿಂದ ಓದುಗ ಕೊನೆಯ ಪದದವರೆಗೂ ಕಾಯಬೇಕು. ಹಾಗಾಗಿ ಪ್ರಶ್ನೆಯನ್ನ ಒಂದೇ ಅಳತೆಯ ಧ್ವನಿಮುದ್ರಣವಾಗಿ ಕೇಳಿಸಿ, ಕೊನೆಯ ಅಕ್ಷರ ಮುಗಿದ ಕ್ಷಣದಿಂದ ಗಡಿಯಾರ ಶುರು ಮಾಡಿ.

ಎರಡನೆಯದು ಪಟ್ಟಿ ಹೇಳಿಸೋದು. "ಈ ದೈವಕ್ಕೆ ಸಿಟ್ಟು ಬರಿಸುವಂಥದ್ದು ಏನೇನು? ಹೇಳ್ತಾ ಹೋಗಿ" ಅಂತ ಕೇಳಿ ಬಂದ ಕ್ರಮದಲ್ಲೇ ಬರೆದುಕೊಳ್ಳೋದು. ಲೆಕ್ಕ ಸರಳ. ಒಬ್ಬರು ಒಟ್ಟು ಹೇಳಿದ್ದು ಎನ್, ಆ ಅಂಶ ಬಂದ ಸ್ಥಾನ ಕೆ ಆದರೆ ಅದರ ಅಂಕ (ಎನ್ + 1 − ಕೆ) ÷ ಎನ್. ಐದು ಹೇಳಿದವರಲ್ಲಿ ಕಳ್ಳತನ ಮೂರನೆಯದಾಗಿದ್ದರೆ 0.6. ಎರಡೇ ಹೇಳಿದವರಲ್ಲಿ ಎರಡನೆಯದಾಗಿದ್ದರೆ 0.5. ಹೇಳದೇ ಇದ್ದವರಿಗೆ 0. ಈ ಮೂವರ ಸರಾಸರಿ 0.37. ಹೊಸಬರು ಸಾಮಾನ್ಯವಾಗಿ ಮಾಡೋ ತಪ್ಪು ಸೊನ್ನೆಯವರನ್ನ ಭಾಗಾಕಾರದಿಂದ ಬಿಡೋದು. ಬಿಟ್ಟರೆ ಇಬ್ಬರೇ ಹೇಳಿದ ಅಂಶವೂ ಇಡೀ ಊರಿನ ಅಭಿಪ್ರಾಯದ ಹಾಗೆ ಕಾಣುತ್ತೆ.

ಪುರ್ಜಿಕಿ ಸೈಬೀರಿಯಾದ ತುವಾದಲ್ಲಿ ಸ್ಥಳದ ಒಡೆಯ ಚೇತನಗಳ ಬಗ್ಗೆ ಹೀಗೆ ಕೇಳಿದಾಗ ಬಂದದ್ದು ಬಹುಪಾಲು ಆಚರಣೆ ತಪ್ಪಿಸೋದು, ನಿಸರ್ಗ ಕೆಡಿಸೋದು. ನಡತೆಯ ವಿಷಯ ಪಟ್ಟಿಯಲ್ಲಿ ಮೇಲೆ ಬರಲಿಲ್ಲ. ಆದರೆ ಆ ಚೇತನಗಳಿಗೆ ಏನೇನು ಗೊತ್ತು ಅಂತ ಅಳತೆಪಟ್ಟಿ ಕೊಟ್ಟಾಗ ನಡತೆಗೆ ಸಂಬಂಧಿಸಿದ್ದಕ್ಕೆ ಹೆಚ್ಚು ಅಂಕ ಬಂತು. ಎರೆಹೊಲ ಅವರು ಹೇಳಿದ ಅಂತರವೇ ಇದು, ತಿರುಗುಮುರುಗಾಗಿ. ಇಲ್ಲಿ ಬಾಯಿಪಾಠದಲ್ಲಿ ನೀತಿ ಇಲ್ಲ, ಒಳಗಿನ ಎಣಿಕೆಯಲ್ಲಿ ಇದೆ.

ತುಂಗಾತೀರ:

ಇಷ್ಟು ವಿವರ ಸಿಕ್ಕಿದ್ದು ಬಹಳ ಸಂತೋಷ. ಪಿತೃಗಳ ಮಾತು ಬಂತಲ್ಲ, ಸತ್ತವರಿಗೆ ಅರಿವು ಇರುತ್ತದೆ ಎಂಬ ಎಣಿಕೆಯನ್ನು ಯಾರಾದರೂ ಹೀಗೆ ಅಳೆದಿದ್ದಾರೆಯೇ? ಪಕ್ಷದಲ್ಲಿ ಎಡೆ ಇಡುವ ಮನೆಗಳಲ್ಲಿ ಅದು ನೇರವಾಗಿ ಅನ್ವಯಿಸುತ್ತದೆ.

ಕಡಲತಡಿ:

ಅಳೆದಿದ್ದಾರೆ, ಮತ್ತು ಈ ಕ್ಷೇತ್ರದಲ್ಲಿ ನನಗೆ ಎಲ್ಲಕ್ಕಿಂತ ಅಚ್ಚುಕಟ್ಟಾಗಿ ಕಾಣುವ ಕೆಲಸ ಅದೇ. ಮಡಗಾಸ್ಕರಿನ ಪಶ್ಚಿಮ ಕರಾವಳಿಯ ವೆಜೊ ಎಂಬ ಮೀನುಗಾರ ಜನರ ನಡುವೆ ರೀಟಾ ಅಸ್ತೂತಿ ದೀರ್ಘಕಾಲ ಕೆಲಸ ಮಾಡಿದ ಮಾನವಶಾಸ್ತ್ರಜ್ಞೆ. ಮನಃಶಾಸ್ತ್ರಜ್ಞ ಪಾಲ್ ಹ್ಯಾರಿಸ್ ಜೊತೆ 2008ರಲ್ಲಿ ಪ್ರಕಟಿಸಿದರು.

ಒಬ್ಬ ಮನುಷ್ಯ ಸತ್ತ ಕಥೆ ಹೇಳಿ 14 ಪ್ರಶ್ನೆ ಕೇಳುವುದು. 7 ದೇಹದ ಬಗ್ಗೆ: ಹೃದಯ ಬಡಿಯುತ್ತದೆಯೇ ಎಂಬಂಥವು. 7 ಮನಸ್ಸಿನ ಬಗ್ಗೆ: ಹೆಂಡತಿಯ ಹೆಸರು ಗೊತ್ತೇ, ಮಕ್ಕಳ ನೆನಪು ಕಾಡುತ್ತದೆಯೇ ಎಂಬಂಥವು. ಒಂದು ಗುಂಪಿಗೆ ಕಥೆಯಲ್ಲಿ ಸಾವಿನ ಸಂಗತಿ ಮಾತ್ರ, ವೈದ್ಯರ ಆರೈಕೆಯಲ್ಲಿದ್ದಾಗ ಆದದ್ದು. ಇನ್ನೊಂದು ಗುಂಪಿಗೆ ಸಮಾಧಿ ಮತ್ತು ಪಿತೃಕಾರ್ಯದ ಸಂದರ್ಭ. ಎರಡನೆಯ ಗುಂಪಿನವರು ಮನಸ್ಸು ಮುಂದುವರಿಯುತ್ತದೆ ಎಂಬ ಉತ್ತರ ಹೆಚ್ಚು ಕೊಟ್ಟರು. ದೇಹ ನಿಂತುಹೋಗುತ್ತದೆ ಎಂಬುದು ಜನರಿಗೆ ಚೆನ್ನಾಗಿಯೇ ಗೊತ್ತು. ಪಿತೃಗಳ ಅರಿವು ಎಂಬ ಎಣಿಕೆ ಇಡೀ ದಿನ ತಲೆಯಲ್ಲಿ ಓಡುತ್ತಿರುವುದಿಲ್ಲ, ಸಂದರ್ಭ ಅದನ್ನು ಎಬ್ಬಿಸುತ್ತದೆ. "ಈ ಜನ ಸತ್ತವರು ಬದುಕಿದ್ದಾರೆಂದು ನಂಬುತ್ತಾರೆ" ಎಂದು ಒಂದೇ ಸಾಲಿನಲ್ಲಿ ಬರೆಯುವ ಜನಾಂಗ ವರ್ಣನೆಗಳೆಲ್ಲ ಇದನ್ನು ಓದಿ ತಿದ್ದಿಕೊಳ್ಳಬೇಕು.

ನಮ್ಮಲ್ಲಿ ಮಾಡುವುದಾದರೆ ಒಬ್ಬ ವ್ಯಕ್ತಿಗೆ ಒಂದೇ ಕಥೆ. ಎರಡನ್ನೂ ಕೊಟ್ಟರೆ ಹೋಲಿಸಿ ಜಾಣ ಉತ್ತರ ಕೊಡುತ್ತಾರೆ. ದೇಹದ ಪ್ರಶ್ನೆ, ಮನಸ್ಸಿನ ಪ್ರಶ್ನೆ ಬೆರೆಸಿ ಕೇಳಬೇಕು. "ಇಲ್ಲ" ಎಂದಾಗ "ಯಾಕೆ" ಎಂದು ಆ ಗಳಿಗೆಯಲ್ಲೇ ಕೇಳಬಾರದು, ಮುಂದಿನ ಎಲ್ಲ ಉತ್ತರವೂ ಆ ಕಾರಣಕ್ಕೆ ಹೊಂದಿಕೊಳ್ಳಲು ಶುರುವಾಗುತ್ತದೆ. 14 ಮುಗಿದ ಮೇಲೆ ಕೇಳಿ. ಪಕ್ಷದ ಹದಿನೈದು ದಿನದೊಳಗೆ ಮಾಡಿದ ಸಂದರ್ಶನವನ್ನು ಉಳಿದ ದಿನಗಳದ್ದರ ಜೊತೆ ಸೇರಿಸಬೇಡಿ. ಆ ದಿನಗಳಲ್ಲಿ ಇಡೀ ಊರೇ ಎರಡನೆಯ ಕಥೆಯೊಳಗಿರುತ್ತದೆ.

ಹೊಸಚಿಗುರು:

ಇವೆಲ್ಲ ಮಾತಿನ ಪರೀಕ್ಷೆ. ನಡೆದುಕೊಳ್ಳೋದನ್ನ ಅಳೆದದ್ದು ಇಲ್ಲವಾ?

ಗಣಕಿ:

ಇದೆ. 2016ರಲ್ಲಿ ಪುರ್ಜಿಕಿ, ಹೆನ್ರಿಕ್, ನೊರೆನ್‌ಜಾಯನ್ ಮತ್ತಿತರರು 8 ಸಮುದಾಯಗಳ 591 ಜನರ ಜೊತೆ ಮಾಡಿದ ಆಟ. ಫಿಜಿಯ ಭಾರತೀಯ ಮೂಲದ ಹಿಂದೂಗಳು, ಮಾರಿಷಸ್ಸಿನ ಹಿಂದೂಗಳೂ ಅದರಲ್ಲಿದ್ದರು.

30 ನಾಣ್ಯ, ಎರಡು ಲೋಟ, ಮೂರು ಮುಖಕ್ಕೆ ಒಂದು ಬಣ್ಣ, ಮೂರಕ್ಕೆ ಇನ್ನೊಂದು ಬಣ್ಣ ಬಳಿದ ದಾಳ. ಒಂದು ಲೋಟದ ಹಣ ತನಗೆ, ಇನ್ನೊಂದರದ್ದು ದೂರದೂರಿನ ತನ್ನದೇ ಧರ್ಮದ ಅಪರಿಚಿತನಿಗೆ. ಪ್ರತಿ ನಾಣ್ಯಕ್ಕೂ ಮೊದಲು ಮನಸ್ಸಿನಲ್ಲೇ ಒಂದು ಲೋಟ ಆರಿಸಿಕೊಳ್ಳಬೇಕು. ದಾಳ ಒಂದು ಬಣ್ಣ ತೋರಿಸಿದರೆ ಆ ಲೋಟಕ್ಕೆ, ಇನ್ನೊಂದು ಬಣ್ಣವಾದರೆ ಎದುರಿನದಕ್ಕೆ. ಆರಿಸಿದ್ದು ಮನಸ್ಸಿನಲ್ಲಿ, ಆಡುವಾಗ ಹತ್ತಿರ ಯಾರೂ ಇಲ್ಲ. ಹಾಗಾಗಿ ನಿಯಮ ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಪ್ರಾಮಾಣಿಕವಾಗಿ ಆಡಿದರೆ ಸರಾಸರಿ 15, ಮಾನಕ ವಿಚಲನೆ (ಒಬ್ಬೊಬ್ಬರ ಫಲಿತಾಂಶ ಸರಾಸರಿಯಿಂದ ಸಾಮಾನ್ಯವಾಗಿ ಸರಿಯುವ ದೂರ) ಸುಮಾರು 2.7. ಆದ್ದರಿಂದ ಒಬ್ಬನ ಲೋಟದಲ್ಲಿ 19 ಇದ್ದರೆ ಅವನು ಮೋಸಗಾರ ಎನ್ನುವಂತಿಲ್ಲ, ಅದು ಅದೃಷ್ಟವೂ ಇರಬಹುದು. ಗುಂಪಿನ ಬಗ್ಗೆ ಮಾತ್ರ ಮಾತಾಡಬಹುದು. 60 ಜನರ ಗುಂಪಿನ ಸರಾಸರಿಯಲ್ಲಿ ಆಕಸ್ಮಿಕ ಏರಿಳಿತ 0.35ರಷ್ಟು. ತಮ್ಮ ಲೋಟದ ಸರಾಸರಿ ಅದರ ಎರಡು ಪಟ್ಟು ಏರಿ 15.7 ದಾಟಿತೆಂದರೆ ಗಮನಿಸಬೇಕು. ತಮ್ಮ ದೇವರು ಎಲ್ಲ ಬಲ್ಲ, ಶಿಕ್ಷೆ ಕೊಡುತ್ತಾನೆ ಎಂದು ಹೆಚ್ಚು ಅಂಕ ಕೊಟ್ಟವರು ದೂರದ ಅಪರಿಚಿತನ ಲೋಟಕ್ಕೆ ಹೆಚ್ಚು ನಾಣ್ಯ ಹಾಕಿದರು ಎಂಬುದು ಫಲಿತಾಂಶ.

ಕೆಡುವುದು ಆಟದ ವಿವರಣೆಯಲ್ಲಿ. "ಮನಸ್ಸಿನಲ್ಲೇ ಆರಿಸಿಕೊಳ್ಳಿ" ಎಂಬುದು ಮೊದಲ ಸಲಕ್ಕೆ ಬಹಳ ಜನರಿಗೆ ಅರ್ಥವಾಗುವುದಿಲ್ಲ, ದಾಳ ಹಾಕಿದ ಮೇಲೆ ಆರಿಸುತ್ತಾರೆ. ಅದು ಮೋಸವಲ್ಲ, ಗೊಂದಲ. ಆದರೆ ಅಂಕಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ನಾಲ್ಕು ನಾಣ್ಯದ ಅಭ್ಯಾಸ ಆಟ ಆಡಿಸಿ, ನಿಯಮವನ್ನು ಅವರ ಬಾಯಲ್ಲೇ ತಿರುಗಿ ಹೇಳಿಸಿ, ಆಮೇಲೆ ಶುರು ಮಾಡಿ. ದಾಳ ಎಂದರೆ ಜೂಜು ಎಂದು ಹಿಂಜರಿಯುವ ಮನೆಗಳಲ್ಲಿ ಎರಡು ಬಣ್ಣದ ಗೋಲಿಗಳನ್ನು ಚೀಲದಿಂದ ನೋಡದೆ ತೆಗೆಸಬಹುದು. ಪ್ರತಿ ಸಲವೂ ಗೋಲಿಯನ್ನು ವಾಪಸ್ ಹಾಕಿಸಬೇಕು, ಇಲ್ಲದಿದ್ದರೆ ಸಂಭಾವ್ಯತೆ ಬದಲಾಗುತ್ತದೆ.

ಸೋಸುಬಟ್ಟೆ:

ಎರಡು ಎಚ್ಚರಿಕೆ. ಗರ್ವೇ ಮತ್ತು ನೊರೆನ್‌ಜಾಯನ್ 2012ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಹೆಸರು ಮಾಡಿತ್ತು: ಯೋಚಿಸುತ್ತಾ ಕೂತ ಮನುಷ್ಯನ ಶಿಲ್ಪದ ಚಿತ್ರ ತೋರಿಸಿದರೆ ದೇವರ ಮೇಲಿನ ನಂಬಿಕೆ ತಗ್ಗುತ್ತೆ ಅಂತ. 2017ರಲ್ಲಿ ಬಹಳ ದೊಡ್ಡ ಗುಂಪಿನ ಜೊತೆ ಮತ್ತೆ ಮಾಡಿದಾಗ ಪರಿಣಾಮ ಸಿಗಲಿಲ್ಲ. ಚಿಕ್ಕ ಗುಂಪು, ಕ್ಷಣದ ಪ್ರಚೋದನೆ, ದೊಡ್ಡ ತೀರ್ಮಾನ, ಇವು ಮೂರೂ ಒಟ್ಟಿಗೆ ಬಂದಾಗ ಕೈ ತಡೆಯಬೇಕು.

ಎರಡನೆಯದು 2019ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಹಾರ್ವೆ ವೈಟ್‌ಹೌಸ್ ತಂಡದ ಲೇಖನ. 414 ಸಮಾಜಗಳ ಇತಿಹಾಸ ಕೂಡಿಸಿ, ಸಮಾಜ ದೊಡ್ಡದಾದ ಮೇಲೆ ನೀತಿ ಕಾಯುವ ದೇವರು ಬಂದ ಅಂತ ಹೇಳಿತ್ತು. ಬರವಣಿಗೆ ಇಲ್ಲದ ಕಾಲದ ಸಮಾಜಗಳಲ್ಲಿ ಅಂಥ ದೇವರ ಬಗ್ಗೆ ದಾಖಲೆ ಸಿಗದಿದ್ದ ಕಡೆ ವಿಶ್ಲೇಷಣೆಯಲ್ಲಿ "ಇಲ್ಲ" ಅಂತ ಎಣಿಸಲಾಗಿತ್ತು. ಅಂಥ ಖಾಲಿ ಮನೆಗಳು ಅರ್ಧಕ್ಕಿಂತ ಹೆಚ್ಚು. ಬೇರೆ ತಂಡ ಅದನ್ನ ತೋರಿಸಿತು, 2021ರಲ್ಲಿ ಲೇಖನ ವಾಪಸಾಯಿತು. "ಗೊತ್ತಿಲ್ಲ" ಮತ್ತು "ಇಲ್ಲ" ಎರಡಕ್ಕೂ ಕೋಷ್ಟಕದಲ್ಲಿ ಬೇರೆ ಬೇರೆ ಗುರುತು ಇರಬೇಕು, ಸೊನ್ನೆ ಎರಡನೆಯದಕ್ಕೆ ಮಾತ್ರ. ಗೆಜೆಟಿಯರಿನಲ್ಲಿ ಒಂದು ಊರಿನ ಹರಕೆಯ ಉಲ್ಲೇಖ ಇಲ್ಲ ಅಂದ ಮಾತ್ರಕ್ಕೆ ಆ ಊರಲ್ಲಿ ಹರಕೆ ಇರಲಿಲ್ಲ ಅಂತ ಬರೆಯೋರು ಇವತ್ತಿಗೂ ಇದ್ದಾರೆ.

ಎರೆಹೊಲ:

ಆಚರಣೆ ನಡೆಯೋ ಹೊತ್ತಿಗೇ ಅಳತೆ ಮಾಡೋ ಆಸೆ ಇದ್ದವರಿಗೆ ಒಂದು ಮಾತು. ಸ್ಪೇನಿನ ಸ್ಯಾನ್ ಪೆದ್ರೊ ಮನ್ರಿಕೆ ಊರಾಗ ಕೆಂಡ ಹಾಯೋರ ಎದೆಬಡಿತ ಅಳೆದು 2011ರಲ್ಲಿ ಪ್ರಕಟಿಸಿದ್ರು. ಹಾಯುವವರು 12 ಜನ, ಏಳು ಮೀಟರ್ ಕೆಂಡದ ಹಾಸು. ಹಾಯುವವರದ್ದೂ ನೋಡ್ತಾ ಕೂತ ಅವರ ಬಂಧುಗಳದ್ದೂ ಎದೆಬಡಿತ ಒಂದೇ ಲಯಕ್ಕೆ ಏರಿಳೀತು, ಪರವೂರ ಪ್ರೇಕ್ಷಕರದ್ದು ಕೂಡಿಬರಲಿಲ್ಲ. ನಮ್ಮ ಕೊಂಡ ಹಾಯುವ ಜಾತ್ರೆಗಳಿಗೆ ಇದು ಚೊಲೋ ಮಾದರಿ. ಆದರೆ ಎದೆಬಡಿತ ನಂಬಿಕೆ ಅಲ್ಲ. ಅದರಿಂದ ಜನರ ನಡುವಿನ ನಂಟಿನ ಬಗ್ಗೆ ಮಾತಾಡಬಹುದು, ದೇವರ ಕಲ್ಪನೆ ಬಗ್ಗೆ ಆಗಲ್ಲ. ಎದೆಬಡಿತ ಅಳೆಯೋ ಬೆಲ್ಟ್ ಕಟ್ಟೋದು, ಒಪ್ಪಿಗೆ ಕೇಳೋದು ಹಿಂದಿನ ದಿನವೇ ಮುಗೀಬೇಕು. ವ್ರತ ಹಿಡಿದವರನ್ನ ಆಚರಣೆ ದಿನ ಮುಟ್ಟೋದಕ್ಕೂ ಅನುಮತಿ ಬೇಕು, ಅದು ಪೂಜಾರಿಗಳದ್ದೂ ಸೇರಿ.

ತುಂಗಾತೀರ:

ವೆಜೊ ಮಾದರಿಯನ್ನೇ ಹಿಡಿಯುವ ಯೋಚನೆ. ಎರಡು ಕಥೆಯ ಕರಡು ಇಲ್ಲಿದೆ, ತಪ್ಪು ಹಿಡಿಯಿರಿ.

ಕಥೆ ಒಂದು: "ರಾಮಣ್ಣ ಅರವತ್ತೈದು ವರ್ಷದ ರೈತರು. ಒಂದು ದಿನ ಎದೆನೋವು ಬಂತು. ಮಕ್ಕಳು ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಇಸಿಜಿ ತೆಗೆದು ಇಂಜೆಕ್ಷನ್ ಕೊಟ್ಟರು. ಸಂಜೆ ಹೊತ್ತಿಗೆ ರಾಮಣ್ಣ ಕಣ್ಣು ಮುಚ್ಚಿದರು."

ಕಥೆ ಎರಡು: "ರಾಮಣ್ಣ ಅರವತ್ತೈದು ವರ್ಷದ ರೈತರು. ಅವರು ತೀರಿಕೊಂಡು ಒಂದು ವರ್ಷವಾಯಿತು. ಪಕ್ಷದ ದಿನ ಮಕ್ಕಳು ಅವರಿಗೆ ಇಷ್ಟವಾದ ಕಜ್ಜಾಯ, ವಡೆ ಮಾಡಿ ಬಾಳೆ ಎಲೆಯಲ್ಲಿ ಎಡೆ ಇಟ್ಟರು. ಮನೆಯವರೆಲ್ಲ ಕೈಮುಗಿದರು."

ಕಡಲತಡಿ:

ನಾಲ್ಕು ತೊಂದರೆ ಕಾಣುತ್ತಿದೆ. ಒಂದರಲ್ಲಿ ಸತ್ತು ಕೆಲವು ಗಂಟೆ, ಇನ್ನೊಂದರಲ್ಲಿ ಒಂದು ವರ್ಷ. ಉತ್ತರದ ವ್ಯತ್ಯಾಸ ಸಂದರ್ಭದಿಂದ ಬಂತೋ ಕಾಲದಿಂದ ಬಂತೋ ತಿಳಿಯುವುದಿಲ್ಲ. ಎರಡರಲ್ಲೂ ಒಂದು ವರ್ಷ ಮಾಡಿ, ಮೊದಲನೆಯದರ ಕೊನೆಗೆ "ವರ್ಷದ ಮೇಲೆ ಮಕ್ಕಳು ಆಸ್ಪತ್ರೆಯ ದಾಖಲೆ ಕೊಟ್ಟು ಪಹಣಿಯಲ್ಲಿ ಹೆಸರು ಬದಲಾಯಿಸಿಕೊಂಡರು" ಎಂಬಂಥ ವಾಕ್ಯ ಸೇರಿಸಿ. "ಕಣ್ಣು ಮುಚ್ಚಿದರು" ತೆಗೆಯಿರಿ, ಪ್ರಶ್ನೆಗಳಲ್ಲಿ "ಕಣ್ಣು ಕಾಣುತ್ತದೆಯೇ" ಎಂಬುದು ಬರುತ್ತದೆ. ಎರಡೂ ಕಡೆ "ತೀರಿಕೊಂಡರು" ಸಾಕು. "ಅವರಿಗೆ ಇಷ್ಟವಾದ" ಬೇಡ, ಅದು ಮನಸ್ಸಿನ ಪ್ರಶ್ನೆಗೆ ಉತ್ತರವನ್ನು ಮೊದಲೇ ಕಿವಿಯಲ್ಲಿ ಹೇಳಿದ ಹಾಗೆ. ಎದೆನೋವೂ ಹಾಗೆಯೇ, ಹೃದಯದ ಪ್ರಶ್ನೆ ಇರುವಾಗ ಜ್ವರ ಎಂದು ಬದಲಾಯಿಸಿ, ಇಸಿಜಿ ಬದಲು ರಕ್ತಪರೀಕ್ಷೆ ಹಾಕಿ.

ಗಣಕಿ:

ಸರಿ. ತಿದ್ದಿದ ಮೇಲೆ ಪದ ಎಣಿಸಿ, ಎರಡರ ಅಂತರ ಮೂರು ಪದದೊಳಗಿರಲಿ. ಮೊದಲು ಪ್ರತಿ ಕಥೆಗೆ ಹತ್ತು ಜನರ ಜೊತೆ ಪೂರ್ವಪರೀಕ್ಷೆ ಮಾಡಿ, ಯಾವ ಪ್ರಶ್ನೆಗೆ ಹತ್ತೂ ಜನ ಒಂದೇ ಉತ್ತರ ಕೊಡುತ್ತಾರೆ ನೋಡಿ. ಮನಸ್ಸಿನ ಪ್ರಶ್ನೆಗಳಲ್ಲಿ ಎರಡು ಕಥೆಯಲ್ಲೂ ಹಾಗಾದರೆ ಆ ಪ್ರಶ್ನೆ ಬದಲಾಯಿಸಬೇಕು. ದೇಹದ ಪ್ರಶ್ನೆಗಳಲ್ಲಿ ಎಲ್ಲರೂ "ಇಲ್ಲ" ಎಂದರೆ ಬದಲಾಯಿಸಬೇಡಿ, ಜನ ಪ್ರಶ್ನೆಯನ್ನು ಸರಿಯಾಗಿ ಕೇಳಿಸಿಕೊಂಡಿದ್ದಾರೆ ಎನ್ನುವುದಕ್ಕೆ ಅದೇ ಗುರುತು. ತಿದ್ದಿದ ಪ್ರತಿ, 14 ಪ್ರಶ್ನೆಗಳ ಪಟ್ಟಿ ಎರಡನ್ನೂ ಇಲ್ಲೇ ಹಾಕಿ.